ಗಿಡುಗದ ಕಾಲಿಗೆ ಉಂಗುರ ತೊಡಿಸೋದು ಹೇಗೆ?

[ದೃಶ್ಯ: ತಂತಿ ಕಂಬದ ಮೇಲೆ ಕೂತ ಚಾಣ ಅನ್ನೋ ಸಣ್ಣ ಗಿಡುಗ. ಕ್ಯಾಮೆರಾ ನಿಧಾನಕ್ಕೆ ಅದರ ಪಾದದ ಹತ್ತಿರ.]

ಗಿಡುಗದ ಕಾಲಿಗೆ ನಂಬರ್ ಇರೋ ಉಂಗುರ ಹಾಕ್ತಾರೆ, ಸರಿ. ಆದರೆ ಮಾಂಸ ಹರಿಯೋ ಕೊಕ್ಕಿರೋ ಹಕ್ಕಿ ಆ ತೆಳು ಪಟ್ಟಿಯನ್ನ ಕಿತ್ತು ಬಿಸಾಡಲ್ವಾ? ಅದಕ್ಕೂ ಮೊದಲು, ಅದನ್ನ ಹಿಡಿಯೋದಾದರೂ ಹೇಗೆ?

ಉಂಗುರ ಯಾಕೆ ಅನ್ನೋದನ್ನ ಬೇಗ ಮುಗಿಸೋಣ. 1899ರಲ್ಲಿ ಡೆನ್ಮಾರ್ಕಿನ ಮೇಷ್ಟ್ರು ಹಾನ್ಸ್ ಮಾರ್ಟೆನ್‌ಸನ್ ಕಬ್ಬಕ್ಕಿಗಳಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಅದೇ ನಂಬರಿನ ಹಕ್ಕಿ ಮತ್ತೆಲ್ಲೋ ಸಿಕ್ಕರೆ, ಎಲ್ಲಿಗೆ ಹೋಯ್ತು, ಎಷ್ಟು ವರ್ಷ ಬದುಕಿತು ಅಂತ ಗೊತ್ತಾಗುತ್ತೆ. ಅಷ್ಟೇ. ಈಗ ಬಲೆಗೆ ಬರೋಣ.

[ದೃಶ್ಯ: ಕುಣಿಕೆಗಳಿರೋ ಪುಟ್ಟ ತಂತಿ ಪಂಜರ.]

ಇದರ ಹೆಸರು ಬಾಲ್-ಛತ್ರಿ. ಹೌದು, ನಮ್ಮ ದೇಶದ್ದೇ. ಹಿಂದಿಯಲ್ಲಿ ಬಾಲ್ ಅಂದರೆ ಕೂದಲು. ಹಳೇ ಕಾಲದಲ್ಲಿ ಕುಣಿಕೆಗಳನ್ನ ಕುದುರೆ ಕೂದಲಲ್ಲಿ ಮಾಡ್ತಿದ್ದರು. ಕುದುರೆಯ ಉದ್ದ ಕೂದಲು ಇರೋದು ಬಾಲದಲ್ಲಿ ತಾನೆ? ಹಾಗಾಗಿ ಕನ್ನಡದ ಅರ್ಥವೂ ತಪ್ಪಾಗಲ್ಲ! 1959ರಲ್ಲಿ ಅಮೆರಿಕದ ಬರ್ಗರ್ ಮತ್ತು ಮುಲ್ಲರ್ ಇದರ ಸುಧಾರಿತ ರೂಪದ ಬಗ್ಗೆ ಬರೆದ ಮೇಲೆ ಇದು ಅಲ್ಲಿನ ಉಂಗುರ ತೊಡಿಸುವವರ ಕೈಗೂ ಬಂತು.

ಒಳಗೆ ಇಲಿ. ಹೊರಮೈ ತುಂಬ ನೈಲಾನ್ ದಾರದ ಕುಣಿಕೆಗಳು, ಚಾಣದಂಥ ಹಕ್ಕಿಗೆ ಸುಮಾರು 4 ಸೆಂಟಿಮೀಟರ್ ಅಗಲದವು. ಹಕ್ಕಿ ಕೂತಿರೋ ಕಡೆ ಗಾಡಿ ನಿಧಾನಕ್ಕೆ ಓಡಿಸುತ್ತಾ, ಅದಕ್ಕೆ ಕಾಣದ ಪಕ್ಕದಿಂದ ಪಂಜರವನ್ನ ಕೆಳಗಿಟ್ಟು ಮುಂದೆ ಹೋಗಿಬಿಡಬೇಕು. ಅದು ಬಂದು ಇಲಿಯನ್ನ ಹಿಡಿಯೋಕೆ ಪಂಜರದ ಮೇಲೆ ಹೆಜ್ಜೆ ಹಾಕುತ್ತೆ. ಒಂದು ಬೆರಳು ಕುಣಿಕೆಯೊಳಗೆ ಹೋದರೆ ಸಾಕು, ಎಳೆದಷ್ಟೂ ಬಿಗಿ.

ಕೆಡೋದು ಎಲ್ಲಿ? ಕುಣಿಕೆಗಳು ಮಲಗಿಬಿಡ್ತವೆ. ಡಬ್ಬದೊಳಗೆ ಒತ್ತಿಟ್ಟ ನೈಲಾನ್ ಬಾಗಿದ ಹಾಗೇ ಉಳಿಯುತ್ತೆ, ಹಕ್ಕಿ ಮೇಲೆಯೇ ಕುಣಿದು ಹಾರಿಹೋಗುತ್ತೆ. ಪ್ರತಿ ಸಲ ಇಡೋ ಮೊದಲು ಒಂದೊಂದನ್ನೂ ಬೆರಳಲ್ಲಿ ಎತ್ತಿ ನಿಲ್ಲಿಸಬೇಕು, ಗಂಟು ಸಲೀಸಾಗಿ ಜಾರುತ್ತಾ ನೋಡಬೇಕು. ಇನ್ನು ತೂಕ. ಪಂಜರ ಹಗುರ ಇದ್ದರೆ ಹಕ್ಕಿ ಅದನ್ನೇ ಹೊತ್ತುಕೊಂಡು ಮರ ಏರುತ್ತೆ. ನೆಲಕ್ಕೆ ಗೂಟ ಹೊಡೆದು ಕಟ್ಟಿದರೆ ಹಾರೋ ರಭಸಕ್ಕೆ ಕಾಲಿಗೆ ಪೆಟ್ಟು. ಎಳೆದರೆ ಸ್ವಲ್ಪ ಜರುಗಬೇಕು, ಎತ್ತಿದರೆ ಏಳಬಾರದು. ಇಲಿಗೂ ನ್ಯಾಯ ಸಿಗಬೇಕಲ್ವಾ: ಜಾಲರಿಯ ಕಣ್ಣು ಉಗುರು ಒಳಗೆ ಹೋಗದಷ್ಟು ಸಣ್ಣದಿರಬೇಕು. ಬಲೆ ಇಟ್ಟು ಟೀ ಕುಡಿಯೋಕೆ ಹೋಗೋ ಹಾಗಿಲ್ಲ. ದುರ್ಬೀನಿನಿಂದ ಕಣ್ಣು ತೆಗೀಬಾರದು. ಸಿಕ್ಕಿಬಿದ್ದ ಹಕ್ಕಿ ಬೇರೆ ಬೇಟೆಗಾರನಿಗೆ ಸುಲಭದ ತುತ್ತು.

[ದೃಶ್ಯ: ಕೈಯಲ್ಲಿ ಹಕ್ಕಿ, ಎರಡೂ ಕಾಲು ಒಟ್ಟಿಗೆ.]

ಎಲ್ಲರೂ ಕೊಕ್ಕಿಗೆ ಹೆದರ್ತಾರೆ. ಕೊಕ್ಕು ಕಚ್ಚಿದರೆ ಗಾಯ ಆಗಬಹುದು, ಆದರೆ ಕೊಲ್ಲೋ ಆಯುಧ ಪಾದ. ಅದಕ್ಕೇ ಮೊದಲು ಎರಡೂ ಕಾಲನ್ನ ದೇಹದ ಹತ್ತಿರ ಹಿಡೀಬೇಕು, ಆಮೇಲೆ ರೆಕ್ಕೆ ಮಡಚಬೇಕು. ಎದೆ ಹಿಸುಕಬಾರದು: ಹಕ್ಕಿಗೆ ನಮ್ಮ ಹಾಗೆ ಉಸಿರೆಳೆಯೋ ಸ್ನಾಯುವಿನ ಪರದೆ, ಅಂದರೆ ವಪೆ ಇಲ್ಲ, ಎದೆಗೂಡು ಆಡಿದರೇನೇ ಉಸಿರು. ಉಗುರು ನಿಮ್ಮ ಕೈಗೆ ಕಚ್ಚಿಕೊಂಡರೆ ಕಿತ್ತುಕೊಳ್ಳೋಕೆ ಹೋಗಬೇಡಿ. ಮೊಣಕಾಲು ಮಡಚಿದಷ್ಟೂ ಬೆರಳಿನ ಸ್ನಾಯುರಜ್ಜು ಬಿಗಿಯಾಗುತ್ತೆ. ಕಾಲನ್ನ ನೇರ ಮಾಡಿ, ಮೊದಲು ಹಿಂಬೆರಳು ಬಿಡಿಸಿ.

ಸಣ್ಣ ಗಿಡುಗ ಆದರೆ ತಲೆ ಮುಂದಾಗಿ ಒಂದು ಉದ್ದ ಡಬ್ಬಿಯೊಳಗೆ. ಪ್ರಿಂಗಲ್ಸ್ ಚಿಪ್ಸ್ ಡಬ್ಬಿ! ಗಾಳಿಗೆ ತೂತು ಮಾಡಿದರೆ ಸಾಕು. ಕತ್ತಲಲ್ಲಿ ಹಕ್ಕಿ ಶಾಂತವಾಗುತ್ತೆ, ಬಾಲ ಹೊರಗೆ ಉಳಿಯುತ್ತೆ, ಹಾಗೇ ತಕ್ಕಡಿಯಲ್ಲಿಟ್ಟು ಡಬ್ಬಿಯ ತೂಕ ಕಳೆದರೆ ಆಯ್ತು.

ಟೈಮ್ ಮುಗೀತಾ ಇದೆ, ಹಾಗಾಗಿ ಅಳತೆಗಳು ಒಂದೇ ಉಸಿರಲ್ಲಿ: ರೆಕ್ಕೆ, ಬಾಲ, ಹಿಂಬೆರಳ ಉಗುರು, ತೂಕ. ಗಂಟಲಚೀಲ ತುಂಬಿದೆಯಾ ಅಂತಲೂ ಬರೆದಿಡಬೇಕು, ಇಲ್ಲದಿದ್ದರೆ ಊಟವೇ ತೂಕದ ಲೆಕ್ಕಕ್ಕೆ ಸೇರುತ್ತೆ. ಗಿಡುಗಗಳಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಹಾಗಾಗಿ ಎಷ್ಟೋ ಜಾತಿಗಳಲ್ಲಿ ಗಂಡಿಗೊಂದು ಸೈಜಿನ ಉಂಗುರ, ಹೆಣ್ಣಿಗೊಂದು ಸೈಜಿನದು.

ಈಗ ಮೊದಲ ಪ್ರಶ್ನೆ. ಸಾಮಾನ್ಯ ಉಂಗುರದ ಎರಡು ತುದಿ ಬರೀ ಒಂದಕ್ಕೊಂದು ತಾಗಿರುತ್ತೆ. ಗಿಡುಗ ಅದನ್ನ ಕೊಕ್ಕಲ್ಲಿ ಬಿಡಿಸಿಬಿಡಬಹುದು, ಅದಕ್ಕೇ ಒಂದು ತುದಿಯ ನಾಲಿಗೆಯನ್ನ ಇನ್ನೊಂದರ ಮೇಲೆ ಮಡಚಿ ಇಕ್ಕಳದಿಂದ ಒತ್ತೋ ಲಾಕ್ ಉಂಗುರ. ಹದ್ದಿಗೆ ಅದೂ ಸಾಲದು, ರಿವೆಟ್ ಹೊಡೀಬೇಕು. ಹಾಕಿದ ಮೇಲೆ ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಜಾರಬೇಕು, ಆದರೆ ಪಾದದ ಮೇಲೆ ಇಳಿದುಬರಬಾರದು. ತುದಿಗಳು ಒಂದರ ಮೇಲೊಂದು ಏರಿ ಕೂತರೆ ಚರ್ಮ ಕೊಯ್ಯುತ್ತೆ. ಇದೆಲ್ಲ ಪರವಾನಗಿ, ತರಬೇತಿ ಇದ್ದವರ ಕೆಲಸ, ಮನೇಲಿ ಪ್ರಯೋಗ ಬೇಡ.

[ದೃಶ್ಯ: ರೆಕ್ಕೆಯ ಮೇಲೆ ನಂಬರ್ ಚೀಟಿ ಇರೋ ರಣಹದ್ದು.]

ಅಮೆರಿಕ ಖಂಡಗಳ ರಣಹದ್ದಿನ ಕಾಲಿಗೆ ಮಾತ್ರ ಉಂಗುರ ಹಾಕಲ್ಲ. ಸೆಕೆ ತಡೆಯೋಕೆ ಅದು ತನ್ನ ಕಾಲಿನ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತೆ. ಹಿಕ್ಕೆ ಉಂಗುರದೊಳಗೆ ಸೇರಿ ಗಟ್ಟಿಯಾಗಿ ಕಾಲನ್ನೇ ಹಾಳು ಮಾಡುತ್ತೆ. ಹಾಗಾಗಿ ಅದರ ನಂಬರ್ ರೆಕ್ಕೆಗೆ ಏರಿದೆ.