ಮೊದಲ ಬೇಸ್ ಕ್ಯಾಬ್ 8 ಓಮ್‌ದೇ ಇರಲಿ

ಬೇಸ್ ಹೆಡ್ (ಬೇಸ್ ಗಿಟಾರ್‌ಗೆ ಬಳಸೋ, ಸ್ಪೀಕರ್ ಇಲ್ಲದ ಆಂಪ್ಲಿಫೈಯರ್) ಕೈಗೆ ಬಂದ ಕೂಡಲೇ ಹುಟ್ಟೋ ಆಸೆ ಒಂದೇ. ಹಿಂದುಗಡೆ "4 ಓಮ್‌ಗೆ 500 ವಾಟ್" ಅಂತ ಬರೆದಿದೆ, ಆ 500 ಪೂರ್ತಿ ಸಿಗಲೇಬೇಕು! ಅದಕ್ಕೆ 4 ಓಮ್ ಕ್ಯಾಬನ್ನೇ, ಅಂದರೆ ಸ್ಪೀಕರ್ ಪೆಟ್ಟಿಗೆಯನ್ನೇ, ಹುಡುಕಿಕೊಂಡು ಹೋಗ್ತಾರೆ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ, ಅದು ಕಮ್ಮಿ ಆದಷ್ಟೂ ಹೆಡ್‌ನಿಂದ ಎಳೆಯೋ ಕರೆಂಟ್ ಜಾಸ್ತಿ. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ಹೆಡ್ ಹೊರೋ ಕನಿಷ್ಠ ಮಿತಿ 4 ಓಮ್ ಆಗಿದ್ದರೆ ಮೊದಲ ಕ್ಯಾಬ್ 8 ಓಮ್‌ದೇ ತಗೊಳ್ಳಿ.

ಲೆಕ್ಕ ನೋಡಿ. ಟ್ರಾನ್ಸಿಸ್ಟರ್ ಆಗಲಿ, ಕ್ಲಾಸ್ ಡಿ (ಸ್ವಿಚಿಂಗ್ ಥರದ ಆಂಪ್) ಆಗಲಿ, 4 ಓಮ್‌ಗೆ 500 ವಾಟ್ ಕೊಡೋ ಹೆಡ್ 8 ಓಮ್‌ಗೆ ಸುಮಾರು 250ರಿಂದ 300 ಕೊಡುತ್ತೆ. ಅರ್ಧ ಹೋಯ್ತು ಅಂತ ಹೊಟ್ಟೆ ಉರಿಯೋದು ಸಹಜ, ಆದರೆ ಕಿವಿಗೆ ಅದು ಬರೀ 3 ಡೆಸಿಬೆಲ್. ಸದ್ದು ಅರ್ಧಕ್ಕೆ ಇಳೀತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ನಾಳೆ ಅದೇ ಥರದ ಇನ್ನೊಂದು 8 ಓಮ್ ಕ್ಯಾಬ್ ಸೇರಿಸಿದರೆ ಒಟ್ಟು 4 ಓಮ್. ಹೆಡ್ಡಿನ ಪೂರ್ತಿ ಶಕ್ತಿಯೂ ಸಿಕ್ತು, ಗಾಳಿ ತಳ್ಳೋ ಕೋನ್‌ಗಳೂ ಎರಡರಷ್ಟಾದವು. ಎರಡೂ ಅಕ್ಕಪಕ್ಕ ಅಥವಾ ಒಂದರ ಮೇಲೊಂದು ಇದ್ದರೆ ಕೆಳಗಿನ ಸ್ವರಗಳಲ್ಲಿ ಹತ್ತಿರ ಹತ್ತಿರ 6 ಡೆಸಿಬೆಲ್ ಲಾಭ. ಮೊದಲೇ 4 ಓಮ್ ತಗೊಂಡವರಿಗೆ ಈ ದಾರಿ ಮುಚ್ಚಿಹೋಗಿರುತ್ತೆ. ಎರಡು 4 ಸೇರಿದರೆ 2 ಓಮ್, ಆ ಹೆಡ್ ಅದನ್ನ ಹೊರೋದಿಲ್ಲ.

ಇಲ್ಲೇ ಬಹಳ ಜನ ಎಡವೋದು. ಹೆಡ್ ಹಿಂದೆ ಎರಡು ಸ್ಪೀಕರ್ ಔಟ್ ಇದ್ದರೆ ಸಾಮಾನ್ಯವಾಗಿ ಅವು ಒಳಗೆ ಪ್ಯಾರಲಲ್, ಅಂದರೆ ಎರಡಕ್ಕೂ ಅದೇ ವೋಲ್ಟೇಜ್ ಸಿಗುತ್ತೆ. ಕ್ಯಾಬ್ ಹಿಂದಿರೋ ಎರಡು ಸಾಕೆಟ್ಟೂ ಹಾಗೇ. ಹೆಡ್‌ನಿಂದ ಒಂದು ಕ್ಯಾಬ್‌ಗೆ, ಅದರಿಂದ ಇನ್ನೊಂದಕ್ಕೆ ಕೇಬಲ್ ಎಳೆದರೆ ನೋಡೋಕೆ ಸರಪಳಿ ಥರ ಕಾಣುತ್ತೆ, ಸೀರೀಸ್ (ಒಂದೇ ಕರೆಂಟ್ ಒಂದರ ನಂತರ ಇನ್ನೊಂದರಲ್ಲಿ ಹರಿಯೋ ಜೋಡಣೆ) ಅನ್ನಿಸುತ್ತೆ. ಅಲ್ಲ, ಅದೂ ಪ್ಯಾರಲಲ್ಲೇ. ಒಟ್ಟು ಓಮ್ ಬೇಕಾದರೆ ಎರಡು ಕ್ಯಾಬ್‌ಗಳ ಓಮನ್ನ ಗುಣಿಸಿ, ಕೂಡಿದ ಮೊತ್ತದಿಂದ ಭಾಗಿಸಿ: 8 ಮತ್ತು 4 ಸೇರಿದರೆ 32 ಭಾಗಿಸು 12, ಅಂದರೆ 2.67 ಓಮ್. ಮೂರು 8 ಓಮ್ ಕ್ಯಾಬ್ ಹಾಕಿದರೂ ಅಷ್ಟೇ. 2.67 ಹೊರೋ ಹೆಡ್‌ಗಳೂ ಇವೆ, ಆದರೆ ಪ್ಯಾನಲ್ ಮೇಲೆ ಬರೆದಿದ್ದರೆ ಮಾತ್ರ ನಂಬಿ. 8 ಮತ್ತು 4 ಬೆರೆಸಿದಾಗ ಇನ್ನೊಂದು ತಂಟೆ: ಶಕ್ತಿಯಲ್ಲಿ ಮೂರನೇ ಎರಡು ಪಾಲು 4 ಓಮ್ ಕ್ಯಾಬ್‌ಗೇ ಹೋಗುತ್ತೆ. 600 ವಾಟ್ ಹೊರಟರೆ ಅದಕ್ಕೆ 400, ಇನ್ನೊಂದಕ್ಕೆ 200. ಆ 4 ಓಮ್ ಪೆಟ್ಟಿಗೆ 300 ವಾಟ್‌ದಾಗಿದ್ದರೆ ಮೊದಲು ಸಾಯೋದು ಅದೇ.

ಮಿತಿ ದಾಟಿದರೆ ಆಗೋದೇನು? 4 ಓಮ್‌ಗೆ 500 ವಾಟ್ ಅಂದರೆ ಸುಮಾರು 45 ವೋಲ್ಟ್, 11 ಆಂಪಿಯರ್. ಅದೇ 45 ವೋಲ್ಟ್ 2 ಓಮ್ ಮೇಲೆ ಬಿದ್ದರೆ 22 ಆಂಪಿಯರ್ ಎಳೆಯುತ್ತೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ವಿಪರೀತ ಬಿಸಿಯಾಗುತ್ತವೆ. ಹೊಸ ಹೆಡ್‌ಗಳಲ್ಲಿ ಪ್ರೊಟೆಕ್ಷನ್ ಬಂದು ಹಾಡಿನ ನಡುವೆ ಸದ್ದು ನಿಲ್ಲುತ್ತೆ. ಆ ರಕ್ಷಣೆ ಸರಿಯಾಗಿಲ್ಲದ ಹೆಡ್‌ನಲ್ಲಿ ಟ್ರಾನ್ಸಿಸ್ಟರ್ ಶಾರ್ಟ್ ಆಗಿ, ಒಳಗಿನ ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರವಾಗಿ ಸ್ಪೀಕರ್‌ಗೆ ನುಗ್ಗಿ ವಾಯ್ಸ್ ಕಾಯಿಲ್ (ಕೋನ್ ಅಲುಗಾಡಿಸೋ ತಂತಿ ಸುರುಳಿ) ಸುಟ್ಟುಹೋಗಬಹುದು. "ನಾನು ವಾಲ್ಯೂಮ್ ಕಮ್ಮಿ ಇಟ್ಟು ನುಡಿಸ್ತೀನಿ, ಏನೂ ಆಗಿಲ್ಲ" ಅನ್ನೋರಿದ್ದಾರೆ. ಆಗಿಲ್ಲ ನಿಜ, ವೋಲ್ಟೇಜ್ ಕಮ್ಮಿ ಇದ್ದಾಗ ಕರೆಂಟೂ ಕಮ್ಮಿ. ರಿಹರ್ಸಲ್‌ನಲ್ಲಿ ಸುಮ್ಮನಿದ್ದದ್ದು ವೇದಿಕೆ ಮೇಲೆ ಮಾಸ್ಟರ್ ಏರಿಸಿದಾಗ ಕೈ ಕೊಡುತ್ತೆ.

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರೋ ಟ್ಯೂಬ್ ಹೆಡ್ ಆದರೆ ಇಲ್ಲೀವರೆಗೆ ಹೇಳಿದ್ದರಲ್ಲಿ ಅರ್ಧ ಮರೆತುಬಿಡಿ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂಥ 300 ವಾಟ್ ಯಂತ್ರದಲ್ಲಿ ಟ್ಯೂಬ್‌ಗೂ ಸ್ಪೀಕರ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂತಿರುತ್ತೆ. ಅಲ್ಲಿ "ಓಮ್ ಜಾಸ್ತಿ ಆದಷ್ಟೂ ಕ್ಷೇಮ" ಅನ್ನೋ ಮಾತು ನಡೆಯೋದಿಲ್ಲ. ಒಟ್ಟು ಓಮ್ ಎಷ್ಟೋ ಸೆಲೆಕ್ಟರ್ (ಹೆಡ್ ಮೇಲೆ ಓಮ್ ಆರಿಸೋ ಸ್ವಿಚ್) ಅಷ್ಟಕ್ಕೇ ಇರಬೇಕು, ಅದನ್ನ ತಿರುಗಿಸೋದು ಪವರ್ ಆಫ್ ಮಾಡಿದ ಮೇಲೆ. ಸ್ಪೀಕರ್ ಇಲ್ಲದೆ ನುಡಿಸೋದಂತೂ ಎಲ್ಲಕ್ಕಿಂತ ಕೆಟ್ಟದ್ದು. ಹೋಗೋಕೆ ಜಾಗ ಇಲ್ಲದ ಶಕ್ತಿ ಟ್ರಾನ್ಸ್‌ಫಾರ್ಮರ್‌ನ ಟ್ಯೂಬ್ ಕಡೆಯ ಸುರುಳಿಯಲ್ಲಿ ಭಾರಿ ವೋಲ್ಟೇಜಾಗಿ ಎದ್ದು, ಸುರುಳಿಯ ಒಳಗೋ ಟ್ಯೂಬ್ ಸಾಕೆಟ್‌ನಲ್ಲೋ ಕಿಡಿ ಹಾರಿಸುತ್ತೆ. ಟ್ರಾನ್ಸಿಸ್ಟರ್ ಹೆಡ್‌ಗೆ ಕ್ಯಾಬ್ ಇಲ್ಲದಿದ್ದರೂ ಸಾಮಾನ್ಯವಾಗಿ ಏನೂ ಆಗೋದಿಲ್ಲ, ಬರೀ ಡಿಐ ಔಟ್‌ನಿಂದ (ಮಿಕ್ಸರ್‌ಗೆ ನೇರ ಸಿಗ್ನಲ್ ಕೊಡೋ ಸಾಕೆಟ್) ಮಿಕ್ಸರ್‌ಗೆ ಕಳಿಸಬಹುದು.

ಹಳೇ ಕ್ಯಾಬ್ ತಗೊಳ್ಳುವಾಗ ಹಿಂದಿನ ಚೀಟಿ ಮೇಲೆ ಭರವಸೆ ಬೇಡ, ಯಾರೋ ಡ್ರೈವರ್ (ಪೆಟ್ಟಿಗೆಯೊಳಗಿನ ಸ್ಪೀಕರ್) ಬದಲಿಸಿರಬಹುದು. ಹೆಡ್‌ನಿಂದ ಬಿಡಿಸಿ, ಸ್ಪೀಕರ್ ಕೇಬಲ್ ಚುಚ್ಚಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ. ಮೀಟರ್ ತೋರಿಸೋದು ಡಿಸಿ ರೆಸಿಸ್ಟೆನ್ಸ್, ಇಂಪೆಡೆನ್ಸ್ (ಸದ್ದಿನ ಸಿಗ್ನಲ್‌ಗೆ ಸ್ಪೀಕರ್ ಒಡ್ಡೋ ತಡೆ) ಅಲ್ಲ, ಹಾಗಾಗಿ ಅಂಕಿ ಕಮ್ಮಿಯೇ ಬರುತ್ತೆ: 8 ಓಮ್ ಕ್ಯಾಬ್‌ಗೆ ಸುಮಾರು 5.5ರಿಂದ 7, 4 ಓಮ್‌ಗೆ 3ರಿಂದ 3.5. ನಾಲ್ಕು ಡ್ರೈವರ್‌ನ 8 ಓಮ್ ಪೆಟ್ಟಿಗೆ 12ರ ಆಸುಪಾಸು ತೋರಿಸಿದರೆ ಒಳಗೆ ಒಂದು ಡ್ರೈವರ್ ಸತ್ತು, ಸೀರೀಸ್‌ನಲ್ಲಿದ್ದ ಅದರ ಜೊತೆಗಾರನೂ ಮೌನವಾಗಿದೆ ಅಂತ ಅರ್ಥ. ಉಳಿದ ಎರಡರ ಮೇಲೇ ಪೂರ್ತಿ ಭಾರ.

ಕೇಬಲ್ ವಿಷಯಕ್ಕೆ ಬಂದರೆ, ಗಿಟಾರ್ ಕೇಬಲನ್ನ ಕ್ಯಾಬ್‌ಗೆ ಹಾಕಲೇಬೇಡಿ. ಅದರ ನಡುವಿನ ತಂತಿ ಕೂದಲೆಳೆಯಂಥದ್ದು, 11 ಆಂಪಿಯರ್‌ಗೆ ಕಾದು, ಇನ್ಸುಲೇಶನ್ ಕರಗಿ ಶಾರ್ಟ್ ಆಗಬಹುದು. 14 ಗೇಜ್ ಸ್ಪೀಕರ್ ಕೇಬಲ್ ಸಾಕು, ದೂರ ಜಾಸ್ತಿ ಇದ್ದರೆ 12 (ಗೇಜ್ ಅಂಕಿ ಕಮ್ಮಿ ಆದಷ್ಟೂ ತಂತಿ ದಪ್ಪ). ಸ್ಪೀಕಾನ್ (ಸ್ಪೀಕರ್‌ಗೆಂದೇ ಇರೋ ಪ್ಲಗ್) ಇದ್ದರೆ ಅದನ್ನೇ ಬಳಸಿ, ತಿರುಗಿಸಿ ಲಾಕ್ ಮಾಡಿ. ಕಾಲಿಂಚಿನ ಜ್ಯಾಕ್ ಚುಚ್ಚುವಾಗ, ಕೀಳುವಾಗ ಕ್ಷಣಕಾಲ ಶಾರ್ಟ್ ಆಗೋ ಸಾಧ್ಯತೆ ಇದೆ, ಅದಕ್ಕೇ ಮೊದಲು ಪವರ್ ಆಫ್. ಎಷ್ಟೋ ಕ್ಲಾಸ್ ಡಿ ಹೆಡ್‌ಗಳಲ್ಲಿ ಸ್ಪೀಕರ್‌ನ ಮೈನಸ್ ತುದಿ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತೆ. ಆ ತುದಿಯನ್ನ ಬೇರೆ ಯಾವ ಯಂತ್ರದ ಗ್ರೌಂಡ್‌ಗೂ ತಾಗಿಸಬೇಡಿ, ಸ್ಪೀಕರ್ ಔಟ್‌ನಿಂದ ಡಿಐ ಬಾಕ್ಸ್‌ಗೆ ಎಳೆಯೋ ಹಳೇ ಅಭ್ಯಾಸವನ್ನೂ ಅಂಥ ಹೆಡ್‌ನಲ್ಲಿ ಬಿಡಿ.