ಯೂತ್ ಕ್ಯಾಂಪ್‌ನಲ್ಲಿ ಒಂದು ದಿನ: ಹಿಂದಿನ ಸಾಲಿನಿಂದ

ಇದು ಬೆಳಿಗ್ಗೆ 5.40. ಏನೂ ಕಾಣುತ್ತಿಲ್ಲ ಅಂತ ವಿಡಿಯೋ ನಿಲ್ಲಿಸಬೇಡಿ. ಇನ್ನೂ ಬೆಳಕಾಗಿಲ್ಲ, ಅಷ್ಟೇ. ಸುಮ್ನೆ ಕೇಳಿ. ಹಕ್ಕಿಗಳು ಎದ್ದಿವೆ. ಅರೆನಿದ್ದೆಯಲ್ಲಿ ಚಪ್ಪಲಿ ಎಳೆದುಕೊಂಡು ಹುಡುಗರು ಬರುತ್ತಿದ್ದಾರೆ. ಆ ಕಡೆ ಯಾರೋ ಗಿಟಾರ್ ಶ್ರುತಿ ಮಾಡುತ್ತಿದ್ದಾರೆ. ಕ್ರೈಸ್ತ ಯುವಜನರ ಈ ಕ್ಯಾಂಪ್‌ನ ಎರಡನೇ ದಿನ ಶುರುವಾಗುವುದು ಹೀಗೆ.

ಮೊದಲ ದಿನವೇ ಎಲ್ಲರ ಮೊಬೈಲ್ ತೆಗೆದಿಟ್ಟಿದ್ದಾರೆ. ನಾನು ಈ ಸಲ ವಾಲಂಟಿಯರ್. ವಿಡಿಯೋ ಮಾಡುವ ಕೆಲಸ ನನ್ನದು ಅಂತ ಕ್ಯಾಮೆರಾ ಒಂದು ನನ್ನ ಕೈಲಿದೆ. ಆದರೆ ಪ್ರಾರ್ಥನೆ ಮಾಡುವವರ ಮುಖದ ಮುಂದೆ ಅದನ್ನು ಹಿಡಿಯುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಾಗಾಗಿ ಈ ವಿಡಿಯೋದಲ್ಲಿ ಕೆಲವು ಕಡೆ ಆಕಾಶ, ಮರ, ಖಾಲಿ ಕುರ್ಚಿ ಮಾತ್ರ ಕಾಣುತ್ತದೆ. ಅಲ್ಲಿ ಏನು ನಡೆಯಿತು ಅಂತ ನಾನು ಬಾಯಲ್ಲಿ ಹೇಳುತ್ತೇನೆ.

ಮೊದಲಿಗೆ ಕ್ವಯಟ್ ಟೈಮ್. ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಬೈಬಲ್ ಹಿಡಿದು ಕೂರಬೇಕು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ, 35ನೇ ವಚನ ನೋಡಿ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಅಂತ ಇದೆ. ಅದರ ಹಿಂದಿನ ಸಂಜೆ ಊರಿಗೆ ಊರೇ ಮನೆ ಬಾಗಿಲಿಗೆ ಬಂದಿತ್ತು. ಎಷ್ಟೋ ಜನ ರೋಗಿಗಳನ್ನು ಗುಣಪಡಿಸಿದ್ದರು. ಅಷ್ಟು ದಣಿವಾದ ಮೇಲೆ, ಮಾರನೇ ದಿನ ನಿದ್ದೆ ಬಿಟ್ಟು ಹೋಗಿದ್ದು ತಂದೆಯಾದ ದೇವರ ಜೊತೆ ಮಾತಾಡುವುದಕ್ಕೆ. ಇದು ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುತ್ತದೆ.

ಮೊದಲ 10 ನಿಮಿಷ ಕಷ್ಟ. ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ಲಿ ಫೋನ್ ಇಲ್ಲ. ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಆಮೇಲೆ ನಿಧಾನವಾಗಿ ಕೂರುತ್ತದೆ. ಎದುರಿಗಿದ್ದ ಪುಟ್ಟ ಹುಡುಗಿ ಒಂದೇ ಪುಟವನ್ನು ಬೆರಳಿಟ್ಟು ಓದುತ್ತಿದ್ದಳು. ಅರ್ಧ ಗಂಟೆ ಆದರೂ ಆ ಪುಟ ತಿರುಗಲಿಲ್ಲ.

ತಿಂಡಿ ಆಯಿತು. ಈಗ ಆರಾಧನೆ.

ಶುರುವಿನಲ್ಲಿ ಆಕ್ಷನ್ ಸಾಂಗ್. ಕುಣಿತ, ಚಪ್ಪಾಳೆ, ಧೂಳು. ಇದನ್ನು ನೀವೇ ನೋಡಿ, ನಾನು ಮಾತಾಡುವುದಿಲ್ಲ.

ಆಮೇಲೆ ಡ್ರಮ್ಸ್ ನಿಂತಿತು. ಗಿಟಾರ್ ಒಂದೇ ಉಳಿಯಿತು. ನಿಧಾನದ ಹಾಡು. ಕೈಗಳು ಮೇಲೆದ್ದವು, ಕಣ್ಣು ಮುಚ್ಚಿದವು. ಈ ಶಾಟ್ ತೆಗೆದಿದ್ದು ಕೊನೆಯ ಸಾಲಿನ ಹಿಂದಿನಿಂದ. ಯಾರ ಮುಖವೂ ಕಾಣುವುದಿಲ್ಲ. ಆ ಸಾಲಿನಲ್ಲಿ ಒಬ್ಬ ಹುಡುಗ ಇದ್ದ. ಅವನು ಹಾಡುತ್ತಿರಲಿಲ್ಲ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತಿದ್ದ. ಮೊದಲ ದಿನವೂ ಹಾಗೇ ಇದ್ದ.

ಅವನಿಗೆ ಆಸಕ್ತಿ ಇಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ನಾನು ಅಂದುಕೊಳ್ಳಲಿಲ್ಲ. ಯಾಕೆಂದರೆ ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಅಮ್ಮ ತೀರಿಕೊಂಡ ವರ್ಷ ನಾನು ಇದೇ ಥರ ಒಂದು ಕ್ಯಾಂಪ್‌ಗೆ ಬಂದಿದ್ದೆ. ಸುತ್ತ ಎಲ್ಲರೂ ದೇವರು ಒಳ್ಳೆಯವನು ಅಂತ ಹಾಡುತ್ತಿದ್ದರು. ನನಗೆ ಬಾಯಿ ಬಿಡುವುದಕ್ಕೇ ಆಗುತ್ತಿರಲಿಲ್ಲ. ನನ್ನಲ್ಲಿ ನಂಬಿಕೆ ಇಲ್ಲವೇನೋ, ನಾನು ಇಲ್ಲಿರಬಾರದಿತ್ತೇನೋ ಅನಿಸಿತ್ತು. ಆಗ ಒಬ್ಬ ಅಕ್ಕ ಬಂದು ಪಕ್ಕದಲ್ಲಿ ನಿಂತರು. ಬುದ್ಧಿ ಹೇಳಲಿಲ್ಲ. ಬೈಬಲ್‌ನಲ್ಲಿ 13ನೇ ಕೀರ್ತನೆ ತೆಗೆದು ನನ್ನ ಕೈಗಿಟ್ಟು ಹೋದರು.

ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ 'ಇನ್ನೆಷ್ಟು ಕಾಲ' ಅಂತ ದೇವರನ್ನು ಕೇಳುತ್ತಾನೆ ಬರೆದವನು. ನನ್ನನ್ನು ಮರೆತೇ ಬಿಟ್ಟೆಯಾ, ಮುಖ ಮರೆಸಿಕೊಂಡೆಯಾ ಅಂತ ನೇರವಾಗಿ ಕೇಳುತ್ತಾನೆ. ಬೈಬಲ್‌ನಲ್ಲಿ ಒಟ್ಟು 150 ಕೀರ್ತನೆಗಳಿವೆ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಗೋಳು ತೋಡಿಕೊಳ್ಳುವ ಕೀರ್ತನೆಗಳೇ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಇವನ್ನೆಲ್ಲ ಯಾರೂ ಕಿತ್ತು ಹಾಕಲಿಲ್ಲ. ದೇವಜನರು ಕೂಡಿ ಹಾಡುತ್ತಿದ್ದ ಪುಸ್ತಕದಲ್ಲೇ, ಸ್ತುತಿಯ ಪಕ್ಕದಲ್ಲೇ ಇಟ್ಟರು. ಅಂದರೆ ನನ್ನ ಅಳುವೂ ಆರಾಧನೆಯೇ ಅಂತ ಆವತ್ತು ಗೊತ್ತಾಯಿತು. ಅದಕ್ಕೂ ಮುಂಚೆ ಯಾರೂ ನನಗೆ ಹೇಳಿರಲಿಲ್ಲ.

ಅದಕ್ಕೇ ಈ ಸಲ ಹಾಡುಗಳ ಪಟ್ಟಿ ಮಾಡುವಾಗ ನಾನು ಒಂದೇ ಒಂದು ಮಾತು ಕೇಳಿಕೊಂಡಿದ್ದೆ. ಎರಡು ಹಾಡುಗಳ ನಡುವೆ 13ನೇ ಕೀರ್ತನೆಯನ್ನು ಯಾರಾದರೂ ನಿಧಾನವಾಗಿ ಓದಲಿ, ಹಿನ್ನೆಲೆಯಲ್ಲಿ ಸಂಗೀತ ಬೇಡ, ಓದಿದ ಮೇಲೆ ಒಂದು ನಿಮಿಷ ಸುಮ್ಮನಿರೋಣ. ಹಾಗೇ ಮಾಡಿದರು. ಈಗ ನಿಮಗೆ ಕಾಣುತ್ತಿರುವ ಕಿಟಕಿ ಆ ಒಂದು ನಿಮಿಷದ್ದು. ಸೌಂಡ್ ಹೋಗಿಲ್ಲ. ಅಷ್ಟು ಜನ ನಿಜವಾಗಲೂ ಸುಮ್ಮನಿದ್ದರು.

ಆಮೇಲೆ ಊಟದವರೆಗೂ ಆಟ. ಇದು ವಾಲಿಬಾಲ್. ಬಹಳ ಜನಕ್ಕೆ ಗೊತ್ತಿಲ್ಲ, ಈ ಆಟ ಹುಟ್ಟಿದ್ದೇ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದ ಒಂದು ಶಾಖೆಯಲ್ಲಿ. 1895ರಲ್ಲಿ, ಅಮೆರಿಕದಲ್ಲಿ. ವಿಲಿಯಂ ಮಾರ್ಗನ್ ಅನ್ನುವವರು ಅಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದರು. ಬಾಸ್ಕೆಟ್‌ಬಾಲ್‌ನ ಓಟ, ನೂಕಾಟ ವಯಸ್ಸಾದವರಿಗೆ ಆಗುತ್ತಿರಲಿಲ್ಲ. ಅವರನ್ನೂ ಸೇರಿಸಿಕೊಳ್ಳಬೇಕು ಅಂತ ಇದನ್ನು ಮಾಡಿದರು. ಹಿಂದೆ ಉಳಿಯುವವರನ್ನು ನೆನೆದು ಮಾಡಿದ ಆಟ ಇದು. ಅದು ನನಗೆ ತುಂಬಾ ಇಷ್ಟ.

ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಯುವ ಆಟ. ಇಬ್ಬಿಬ್ಬರ ಜೋಡಿ. ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರು ಮುಟ್ಟದೆ ಬರೀ ಮಾತಿನಲ್ಲಿ ದಾರಿ ತೋರಿಸಬೇಕು. ಸುತ್ತ ನಿಂತವರು ಬೇಕಂತಲೇ ತಪ್ಪು ದಾರಿ ಕೂಗುತ್ತಾರೆ. ಎಡಕ್ಕೆ, ಬಲಕ್ಕೆ, ನಿಲ್ಲು, ಓಡು! ಎಷ್ಟು ಗದ್ದಲ ನೋಡಿ. ಹಿಂದಿನ ಸಾಲಿನ ಆ ಹುಡುಗನಿಗೆ ದಾರಿ ತೋರಿಸುವ ಸರದಿ ಬಂತು. ಅವನ ದನಿ ಮೊದಲ ಸಲ ಕೇಳಿದ್ದು ಆಗ. ಅವನು ಕೂಗಲಿಲ್ಲ. ಜೊತೆಗಾರನ ಹತ್ತಿರವೇ ನಡೆಯುತ್ತಾ, 'ಒಂದು ಹೆಜ್ಜೆ. ಇನ್ನೊಂದು. ನಾನು ಇಲ್ಲೇ ಇದ್ದೀನಿ' ಅಂತ ಹೇಳುತ್ತಾ ಹೋದ. ಆ ಜೋಡಿ ಒಂದು ಸಲವೂ ತಪ್ಪಲಿಲ್ಲ. ಕುರಿಗಳಿಗೆ ಕುರುಬನ ದನಿ ಗೊತ್ತು ಅಂತ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆಯಲ್ಲ, ಆಟ ಮುಗಿದ ಮೇಲೆ ಅದನ್ನೇ ಓದಿದೆವು. ಜಾಸ್ತಿ ವಿವರಣೆ ಬೇಕಾಗಲಿಲ್ಲ.

ಊಟದ ನಂತರದ ಸೆಷನ್‌ನಲ್ಲಿ ಎಲ್ಲರಿಗೂ ನಿದ್ದೆ. ಬೈಬಲ್‌ನಲ್ಲಿ ಅಪೊಸ್ತಲ ಪೌಲ ಮಧ್ಯರಾತ್ರಿವರೆಗೆ ಮಾತಾಡಿದಾಗಲೂ ಒಬ್ಬ ಯುವಕ ನಿದ್ದೆ ಬಂದು ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದಿದ್ದ ಅಂತ ಪಾಸ್ಟರ್ ನೆನಪಿಸಿದರು. ಆಮೇಲೆ ಎಲ್ಲರನ್ನೂ ಎಬ್ಬಿಸಿ ಮರದ ನೆರಳಿಗೆ ಕರೆದುಕೊಂಡು ಹೋದರು.

ರಾತ್ರಿ ಕ್ಯಾಂಪ್ ಫೈರ್. ಬೆಂಕಿಯ ಸುತ್ತ ಕೂತಾಗ ಪಾಸ್ಟರ್ ಯೇಸುವಿನ ಶಿಷ್ಯ ಪೇತ್ರನ ಕಥೆ ಹೇಳಿದರು. ಯೇಸುವನ್ನು ಹಿಡಿದ ರಾತ್ರಿ ಪೇತ್ರ ಇದ್ದಿಲ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ. ಆವತ್ತು ಮೂರು ಸಲ ನನಗೆ ಅವನು ಗೊತ್ತಿಲ್ಲ ಅಂದುಬಿಟ್ಟ. ಮುಂದೆ, ಸತ್ತು ಮತ್ತೆ ಜೀವಂತವಾಗಿ ಎದ್ದು ಬಂದ ಯೇಸು ಸಮುದ್ರದ ದಡದಲ್ಲಿ ಕಾಯುತ್ತಿದ್ದರು. ಅಲ್ಲೂ ಇದ್ದಿಲ ಬೆಂಕಿ. ಗ್ರೀಕ್ ಮೂಲದಲ್ಲಿ ಆ ಬೆಂಕಿಯ ಪದ ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲೇ ಬರುವುದು ಈ ಎರಡು ಕಡೆ ಮಾತ್ರ. ಯೋಹಾನ 18 ಮತ್ತು 21. ಅಲ್ಲಿ ಯೇಸು ಬೈಯಲಿಲ್ಲ. ಮೊದಲು ಬನ್ನಿ, ಊಟ ಮಾಡಿ ಅಂದರು. ಆಮೇಲೆ ಮೂರು ಸಲ, ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದರು. ಪೇತ್ರ ಎಷ್ಟು ಸಲ ಬಿದ್ದಿದ್ದನೋ ಅಷ್ಟೇ ಸಲ ಎತ್ತಿದರು.

ಇಲ್ಲಿಂದ ಕ್ಯಾಮೆರಾ ಆಫ್. ಬೆಂಕಿಯ ಚಟಪಟ ಮಾತ್ರ ನಿಮಗೆ ಕೇಳುತ್ತದೆ. ಕೆಲವರು ಎದ್ದು ಸಾಕ್ಷಿ ಹೇಳಿದರು, ಅಂದರೆ ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಹಂಚಿಕೊಂಡರು. ಕೆಲವರು ಅತ್ತರು. ಅದು ಅವರದು, ಅಲ್ಲೇ ಇರಲಿ.

ಎಲ್ಲರೂ ಮಲಗಲು ಹೊರಟಾಗ ಆ ಹುಡುಗ ನನ್ನ ಹತ್ತಿರ ಬಂದ. ಈ ಮಾತು ಹಾಕಬಹುದಾ ಅಂತ ಅವನನ್ನು ಕೇಳಿದ್ದೇನೆ, ಹೆಸರು ಬೇಡ, ಹಾಕಿ ಅಂದ.

'ಅಕ್ಕ, ಬೆಳಿಗ್ಗೆ ಓದಿದ್ರಲ್ಲ, ಅದು ಯಾವ ಪುಟ?'

ನನ್ನ ಬೈಬಲ್ ಕೊಟ್ಟೆ. ಆ ಪುಟದ ಮೂಲೆ ಮಡಚಿ ಎಷ್ಟೋ ವರ್ಷ ಆಗಿದೆ. ತೆರೆದರೆ ಅಲ್ಲಿಗೇ ತೆರೆದುಕೊಳ್ಳುತ್ತದೆ. ಅವನು ಮೆಟ್ಟಿಲ ಮೇಲೆ ಕೂತು ಓದಿದ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.