ಗಾಯ ತೊಳೆದ ಗಂಡಸರು

(ಮಂಗಳೂರಿನ ಕ್ಯಾಥೊಲಿಕ್ ಗಂಡುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಯವರ ಬೀಳ್ಕೊಡುಗೆಯ ದಿನ ಮಾಡಿದ ಭಾಷಣ)

ಹೆಡ್‌ಮಾಸ್ಟರ್ ಫಾದರ್, ಅಧ್ಯಾಪಕರೇ, ಟೀಚರುಗಳೇ, ಹಿಂದಿನ ಸಾಲುಗಳಲ್ಲಿ ಕೂತಿರುವ ಅಪ್ಪ ಅಮ್ಮಂದಿರೇ, ನನ್ನ ಪ್ರೀತಿಯ ತಮ್ಮಂದಿರೇ,

ನಾನು ಆಸ್ಪತ್ರೆಯಲ್ಲಿ ನರ್ಸ್. ಬಹಳ ವರ್ಷ ವಾರ್ಡಿನಲ್ಲಿ ದುಡಿದೆ. ಈಗ ನರ್ಸಿಂಗ್ ಕಲಿಯುವವರಿಗೆ ಅದೇ ವಾರ್ಡಿನಲ್ಲಿ ಪಾಠ ಹೇಳಿಕೊಡುತ್ತೇನೆ. ನಾನೂ ಇಂಥದೇ ಒಂದು ಬಾಯ್ಸ್ ಸ್ಕೂಲಿನಲ್ಲಿ ಕಲಿತವನು. ಈ ದಿನ ಮಾತಾಡಲು ಅಧಿಕಾರಿಗಳನ್ನೋ ಆಟಗಾರರನ್ನೋ ಕರೆಯುವುದು ರೂಢಿ. ಫಾದರ್ ನನ್ನನ್ನು ಕರೆದಾಗ, ಏನು ಮಾತಾಡಬೇಕು ಎಂದು ನನಗೆ ಆಗಲೇ ಗೊತ್ತಿತ್ತು. ಎಷ್ಟೋ ಕಾಲದಿಂದ ಗಂಡುಹುಡುಗರಿಗೆ ಹೇಳಬೇಕೆಂದು ಮನಸ್ಸಿನಲ್ಲಿಟ್ಟುಕೊಂಡ ವಿಷಯ ಅದು.

ನೀವು ಇಷ್ಟು ವರ್ಷ ಈ ಶಾಲೆಯ ಗೋಡೆಗಳ ಮೇಲೆ ಸಂತರ ಪಟ, ಪಾದ್ರಿಗಳ ಪಟ ನೋಡಿದ್ದೀರಿ. ನಿಮ್ಮಲ್ಲಿ ಕ್ಯಾಥೊಲಿಕ್ ಹುಡುಗರು ದೊತೊರ್ನ್ ಕ್ಲಾಸಿಗೆ, ಅಂದರೆ ಧರ್ಮೋಪದೇಶದ ಪಾಠಕ್ಕೆ ಹೋದಾಗ, ಉಳಿದವರು ಮಾರಲ್ ಸೈನ್ಸಿಗೆ ಕೂತಿರಿ. ಎರಡೂ ಕಡೆ ಇವರ ತ್ಯಾಗದ ಬಗ್ಗೆ, ಭಕ್ತಿಯ ಬಗ್ಗೆ ಕೇಳಿದ್ದೀರಿ. ಆದರೆ ಇವರಲ್ಲಿ ಹಲವರು ಕೈಯಿಂದ ಮಾಡಿದ ಕೆಲಸ ಯಾವುದು? ರೋಗಿಯನ್ನು ಎತ್ತಿದ್ದು, ಹುಣ್ಣು ತೊಳೆದದ್ದು, ಬಾಯಿಗೆ ಗಂಜಿ ಹಾಕಿದ್ದು, ಹೊಲಸಾದ ಬಟ್ಟೆ ಬದಲಿಸಿದ್ದು. ನಮ್ಮ ಮನೆಗಳಲ್ಲಿ ಅಮ್ಮನೋ ಅಕ್ಕನೋ ಸೊಸೆಯೋ ಮಾಡಲಿ ಎಂದು ಬಿಟ್ಟುಬಿಡುವ ಕೆಲಸಗಳು ಇವು. ಗಂಡುಮಕ್ಕಳ ಶಾಲೆಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಸಂತ ಅಲೋಶಿಯಸ್ ಗೊನ್ಜಾಗಾ. ಈ ಊರಿನವರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಪಟದಲ್ಲಿ ಅವರು ತೆಳ್ಳಗೆ, ಬಿಳಿಚಿಕೊಂಡು, ಕೈಯಲ್ಲಿ ಶಿಲುಬೆ, ಪಕ್ಕದಲ್ಲಿ ಲಿಲ್ಲಿ ಹೂವು ಇಟ್ಟುಕೊಂಡು ನಿಂತಿರುತ್ತಾರೆ. ಆ ಪಟ ನೋಡಿದರೆ ಈ ಹುಡುಗ ಯಾರಿಗೂ ಎದುರಾಡಿರಲಿಕ್ಕಿಲ್ಲ ಅನ್ನಿಸುತ್ತದೆ. ಹಾಗಲ್ಲ. 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆಯಲ್ಲಿ ಸಂಸ್ಥಾನದ ದೊರೆಯ ಹಿರಿಯ ಮಗನಾಗಿ ಹುಟ್ಟಿದವರು. ಮಗ ಸೇನಾನಿ ಆಗಬೇಕೆಂದು ತಂದೆಯ ಹಟ. ನಾಲ್ಕೈದು ವರ್ಷದ ಮಗುವಿಗೆ ಪುಟ್ಟ ಕವಚ ತೊಡಿಸಿ, ಸೈನಿಕರ ಶಿಬಿರಕ್ಕೆ ಕರೆದುಕೊಂಡು ಹೋದ. ಹುಡುಗ ಅಲ್ಲಿ ಮದ್ದಿನ ಪುಡಿ ಕದ್ದು ಫಿರಂಗಿ ಹಾರಿಸಿದ, ಸೈನಿಕರ ಬೈಗುಳಗಳನ್ನೂ ಕಲಿತುಬಂದ. ಮುಂದೆ ಸ್ಪೇನಿನ ಅರಮನೆಯಲ್ಲಿ ರಾಜಕುಮಾರನ ಜತೆಗಾರನಾಗಿದ್ದ. ತಂದೆಯೊಡನೆ ವರ್ಷಗಟ್ಟಲೆ ಜಗ್ಗಾಡಿ, 1585ರಲ್ಲಿ ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಬರೆದುಕೊಟ್ಟು, ರೋಮಿಗೆ ಹೋಗಿ ಯೇಸುಸಭೆಗೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘಕ್ಕೆ ಸೇರಿದ.

1591ರಲ್ಲಿ ರೋಮಿಗೆ ಪಿಡುಗು ಬಂತು. ಯೇಸುಸಭೆಯವರು ಆಸ್ಪತ್ರೆ ತೆರೆದರು. ಅಲೋಶಿಯಸ್ ಮೊದಲು ಭಿಕ್ಷೆ ಎತ್ತಿ ತಂದು ಕೊಡುತ್ತಿದ್ದರು, ಆಮೇಲೆ ಬೀದಿಯಲ್ಲಿ ಬಿದ್ದವರನ್ನು ಹೊತ್ತು ತರತೊಡಗಿದರು. ಇಲ್ಲಿ ನನ್ನ ಮನಸ್ಸಿಗೆ ನಾಟಿದ ಒಂದು ಸಂಗತಿ ಇದೆ. ಆ ನೋಟ, ಆ ವಾಸನೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಹೊಟ್ಟೆ ತೊಳಸುತ್ತಿತ್ತು. ತಮ್ಮ ಗುರುಗಳಾದ ರಾಬರ್ಟ್ ಬೆಲ್ಲರ್ಮೀನ್ ಅವರ ಹತ್ತಿರ ಅದನ್ನು ತೋಡಿಕೊಂಡಿದ್ದರು. ಆದರೂ ಮರುದಿನ ಮತ್ತೆ ಹೋಗುತ್ತಿದ್ದರು. ಕೊನೆಗೆ ರೋಗ ಅವರಿಗೂ ಅಂಟಿತು. 1591ರ ಜೂನ್ 21ರಂದು ತೀರಿಕೊಂಡಾಗ ಅವರಿಗೆ 23 ವರ್ಷ.

ನನ್ನ ವಿದ್ಯಾರ್ಥಿಗಳು ವಾರ್ಡಿಗೆ ಬಂದ ಮೊದಲ ವಾರ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆದ ಹುಣ್ಣಿನ ಡ್ರೆಸ್ಸಿಂಗ್ ನೋಡಿ ಹೊರಗೆ ಓಡಿಹೋಗಿ ವಾಂತಿ ಮಾಡುತ್ತಾರೆ. ವಾಪಸು ಬಂದು, ನಾನು ಈ ಕೆಲಸಕ್ಕೆ ಆಗುವವನಲ್ಲ ಸಾರ್ ಅನ್ನುತ್ತಾರೆ. ನಾನು ಅವರಿಗೆ ಅಲೋಶಿಯಸ್ ಕತೆ ಹೇಳುತ್ತೇನೆ. ಅಸಹ್ಯ ಆಗುವುದು ಮೈಯ ಸ್ವಭಾವ, ಅದರಲ್ಲಿ ತಪ್ಪೇನೂ ಇಲ್ಲ. ಮೂಗು ನಿಧಾನವಾಗಿ ಒಗ್ಗಿಕೊಳ್ಳುತ್ತದೆ, ಕೈ ಅದಕ್ಕಿಂತ ಬೇಗ ಒಗ್ಗುತ್ತದೆ. ಹೆಂಗಸರಿಗೆ ಅಸಹ್ಯ ಆಗುವುದಿಲ್ಲ, ಅದಕ್ಕೇ ಅವರು ಮಾಡುತ್ತಾರೆ ಎಂದು ಎಷ್ಟೋ ಗಂಡಸರು ತಿಳಿದಿದ್ದಾರೆ. ಆಗುತ್ತದೆ. ನಿಮ್ಮ ಅಮ್ಮನಿಗೂ ಆಗಿತ್ತು. ಬಿಟ್ಟು ಹೋಗಲು ಅವರಿಗೆ ದಾರಿ ಇರಲಿಲ್ಲ, ಅಷ್ಟೆ.

ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್ ಇಲ್ಲಿಂದ ದೂರವೇನಲ್ಲ. ಹೋಗದೆ ಇದ್ದವರು ಪರೀಕ್ಷೆ ಮುಗಿದ ಮೇಲೆ ಹೋಗಿ. ಬ್ರದರ್ ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರರು 1899ರಲ್ಲಿ ಶುರುಮಾಡಿ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಚಾವಣಿ ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. ಚಾವಣಿಯಲ್ಲಿರುವುದು ಅಲೋಶಿಯಸ್ ಬದುಕು. ಕತ್ತೆತ್ತಿ ನೋಡುವಾಗ ಅರಮನೆಯ ವೈಭವದ ಮೇಲಷ್ಟೇ ಕಣ್ಣು ನಿಲ್ಲಿಸಬೇಡಿ.

ಇನ್ನು ನಮ್ಮದೇ ಊರಿನ ಕತೆ. 1878ರ ಕೊನೆಗೆ ಮಂಗಳೂರಿಗೆ ಬಂದ ಯೇಸುಸಭೆಯ ತಂಡದಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ ಇದ್ದರು. ಬಂದದ್ದು ಮೇಷ್ಟರಾಗಿ. 1880ರಲ್ಲಿ ಶುರುವಾದ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ಹುಡುಗರಿಗೆ, ಬಡವರಿಗೆ ಹೋಮಿಯೋಪಥಿ ಮದ್ದು ಕೊಡುತ್ತಿದ್ದರು. ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಕೂತು ಮದ್ದು ಕೊಡುತ್ತಿದ್ದರು ಎಂದು ಊರವರು ಇಂದಿಗೂ ಹೇಳುತ್ತಾರೆ. 1890ರಲ್ಲಿ ಅವರು ಕುಷ್ಠರೋಗಿಗಳಿಗೆಂದು ಆಸ್ಪತ್ರೆ ಕಟ್ಟಿದರು.

ಆ ಇಸವಿಯನ್ನು ಗಮನಿಸಿ. ಕುಷ್ಠಕ್ಕೆ ಕೆಲಸ ಮಾಡುವ ಮೊದಲ ಔಷಧಿ ಬಂದದ್ದು 1940ರ ದಶಕದಲ್ಲಿ. ಅಂದರೆ 1890ರಲ್ಲಿ ಕುಷ್ಠದ ಆಸ್ಪತ್ರೆ ಎಂದರೆ ವಾಸಿ ಮಾಡುವ ಜಾಗ ಆಗಿರಲು ಸಾಧ್ಯವೇ ಇರಲಿಲ್ಲ. ಹುಣ್ಣು ತೊಳೆಯುವುದು, ಬಟ್ಟೆ ಕಟ್ಟುವುದು, ಊಟ ಕೊಡುವುದು, ಮನೆಯವರು ಹೊರಹಾಕಿದವನಿಗೆ ಮಲಗಲು ಮಂಚ ಕೊಡುವುದು, ನಾಳೆ ಬೆಳಿಗ್ಗೆ ಅದೇ ಹುಣ್ಣನ್ನು ಮತ್ತೆ ತೊಳೆಯುವುದು. ಗುಣವಾಗುವ ರೋಗಿಯನ್ನು ನೋಡಿಕೊಳ್ಳುವುದು ಸುಲಭ, ದಿನದಿನಕ್ಕೂ ಫಲ ಕಣ್ಣಿಗೆ ಕಾಣುತ್ತದೆ. ಗುಣವಾಗುವುದಿಲ್ಲ ಎಂದು ಗೊತ್ತಿದ್ದೂ ಒಂದು ಮನೆಯನ್ನೇ ಕಟ್ಟಿಸುವವನ ಧೈರ್ಯ ಬೇರೆಯದು. ಮುಲ್ಲರ್ 1910ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯ ಮುಂದೆ ನಿಮ್ಮ ಬಸ್ಸು ದಿನವೂ ಹೋಗುತ್ತದೆ.

ಮೂರನೆಯವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ದಯವಿಟ್ಟು ಕೇಳಿ. ಪೆದ್ರೊ ಅರೂಪೆ. ಸ್ಪೇನಿನ ಬಿಲ್ಬಾವೊದವರು, 1907ರಲ್ಲಿ ಹುಟ್ಟಿದವರು. ಮ್ಯಾಡ್ರಿಡ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಗ ನಡುವೆ ಬಿಟ್ಟು ಯೇಸುಸಭೆಗೆ ಸೇರಿದರು. 1945ರ ಆಗಸ್ಟ್ 6ರ ಬೆಳಿಗ್ಗೆ ಅವರು ಹಿರೋಶಿಮಾದ ಹೊರವಲಯದ ನಾಗಾತ್ಸುಕಾದಲ್ಲಿ ಪಾದ್ರಿಯಾಗಲು ಬಂದ ಹುಡುಗರಿಗೆ ಗುರುವಾಗಿದ್ದರು. ಬಾಂಬು ಬಿತ್ತು. ಕಿಟಕಿ ಬಾಗಿಲುಗಳೆಲ್ಲ ಪುಡಿಯಾದವು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಸುಟ್ಟ ಮನುಷ್ಯರು ನಡೆದು ಬರಲು ಶುರುವಾದರು. ಅರೂಪೆ ಆ ಮನೆಯನ್ನೇ ಆಸ್ಪತ್ರೆ ಮಾಡಿದರು. ಸುಮಾರು 150 ಜನರನ್ನು ನೆಲದ ಮೇಲೆ ಮಲಗಿಸಿದರು. ಅರಿವಳಿಕೆ ಇಲ್ಲ, ಬ್ಯಾಂಡೇಜ್ ಇಲ್ಲ. ಹಾಸಿಗೆ ಬಟ್ಟೆ, ಒಳಅಂಗಿಗಳನ್ನು ಹರಿದು ಪಟ್ಟಿ ಮಾಡಿಕೊಂಡರು. ಯಾರೋ ರೈತ ಒಂದು ಮೂಟೆ ಬೋರಿಕ್ ಆಸಿಡ್ ತಂದುಕೊಟ್ಟ. ಅದನ್ನು ನೀರಿನಲ್ಲಿ ಕರಗಿಸಿ, ಗಾಯಗಳನ್ನು ತೊಳೆದು, ಒಣಗದ ಹಾಗೆ ಒದ್ದೆ ಬಟ್ಟೆ ಇಟ್ಟರು. ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ: ಕೈಯಲ್ಲಿ ಬೇರೇನೂ ಇಲ್ಲದ ಹೊತ್ತಿನಲ್ಲಿ, ಯಾರೂ ಕಂಡಿರದಂಥ ಸುಟ್ಟ ಗಾಯಕ್ಕೆ, ಅದು ಬಹಳ ಯೋಚಿಸಿ ಮಾಡಿದ ಆರೈಕೆ. ಅವರ ಜತೆ ಪಾತ್ರೆ ಹಿಡಿದು ಓಡಾಡಿದವರು, ನೀರು ಹೊತ್ತವರು, ಅಕ್ಕಿ ಹುಡುಕಿ ತಂದವರು ಆ ಮನೆಯ ಹುಡುಗರೇ.

ಅದೇ ಅರೂಪೆ 1965ರಲ್ಲಿ ಇಡೀ ಯೇಸುಸಭೆಯ ಮುಖ್ಯಸ್ಥರಾದರು. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಶಾಲೆಗಳಲ್ಲಿ ಓದಿದ ಹಳೆ ವಿದ್ಯಾರ್ಥಿಗಳ ದೊಡ್ಡ ಸಭೆಗೆ ಅವರನ್ನು ಕರೆದರು. ಸೇರಿದವರಲ್ಲಿ ಹೆಚ್ಚಿನವರು ಬದುಕಿನಲ್ಲಿ ಮೇಲೆ ಬಂದವರು. ಅವರನ್ನು ಹೊಗಳಿ ಕೂತುಬಿಡಬಹುದಿತ್ತು. ಬದಲಾಗಿ ಅವರು, ನಾವು ನಿಮಗೆ ನ್ಯಾಯಕ್ಕಾಗಿ ಬದುಕುವುದನ್ನು ಕಲಿಸಿದೆವೇ ಎಂದು ಕೇಳಿ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಇತರರಿಗಾಗಿ ಬದುಕುವ ಗಂಡಸರನ್ನು ತಯಾರು ಮಾಡುವುದೇ ನಮ್ಮ ಶಾಲೆಗಳ ಕೆಲಸ ಎಂದರು. ಕೆಲವರು ಸಿಟ್ಟಾದರು. ಇಂದು ಜಗತ್ತಿನ ಎಷ್ಟೋ ಜೆಸ್ವಿಟ್ ಶಾಲೆಗಳ ಗೋಡೆಯ ಮೇಲೆ ಆ ಮಾತು ಬರೆದಿದೆ.

ಆದರೆ ನನಗೆ ಆ ಭಾಷಣಕ್ಕಿಂತ ಆಮೇಲಿನ ಕತೆ ಮುಖ್ಯ. 1981ರ ಆಗಸ್ಟಿನಲ್ಲಿ ಏಷ್ಯಾ ಪ್ರವಾಸ ಮುಗಿಸಿ ರೋಮಿನಲ್ಲಿ ಇಳಿಯುವಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಹಲವು ಭಾಷೆ ಬಲ್ಲವರಿಗೆ ಮಾತು ತಡವರಿಸತೊಡಗಿ, ಕೊನೆಗೆ ಹೆಚ್ಚುಕಡಿಮೆ ನಿಂತೇಹೋಯಿತು. 1991ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಒಂಬತ್ತೂವರೆ ವರ್ಷ ಇತರರ ಆರೈಕೆಯಲ್ಲೇ ಇದ್ದರು. ಅವರನ್ನು ನೋಡಿಕೊಂಡದ್ದು ಅವರದೇ ಸಭೆಯ ಬ್ರದರ್‌ಗಳು, ಗಂಡಸರು.

ಒಂಬತ್ತೂವರೆ ವರ್ಷ ಎಂದರೆ ಏನು ಎಂಬುದು ಮನೆಯಲ್ಲಿ ಸ್ಟ್ರೋಕ್ ಆದವರಿದ್ದರೆ ನಿಮಗೆ ಗೊತ್ತಿರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೊಳೆಯುತ್ತದೆ. ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿಸಬೇಕು. ತೆಳು ನೀರು ಉಸಿರಿನ ಕೊಳವೆಗೆ ಹೋಗುವ ಅಪಾಯ ಹೆಚ್ಚು, ದಪ್ಪ ಗಂಜಿ ಅಷ್ಟಿಲ್ಲ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಿದ್ದ ಕಡೆಯ ತೋಳನ್ನು ಹಿಡಿದು ಎಳೆಯಬಾರದು, ಭುಜ ಜಾರುತ್ತದೆ. ಮಾತು ನಿಂತವರಿಗೆ ಬುದ್ಧಿ ನಿಂತಿದೆ ಎಂದುಕೊಂಡು ಅವರೆದುರೇ ಅವರ ಬಗ್ಗೆ ಮಾತಾಡುವ ಹಾಗಿಲ್ಲ. ಇದು ಬುದ್ಧಿವಂತಿಕೆಯ ಕೆಲಸ ತಮ್ಮಂದಿರೇ, ಬರೀ ಕರುಣೆಯಿಂದ ಆಗುವುದಿಲ್ಲ. ನಿಮ್ಮ ಶಾಲೆ ನಿಮಗೆ ಟ್ರಿಗೊನೊಮೆಟ್ರಿ ಕಲಿಸಿದೆ, ಸಂಧಿ ಸಮಾಸ ಕಲಿಸಿದೆ. ಇದನ್ನೂ ಕಲಿಸಬೇಕಿತ್ತು ಎಂದು ನನ್ನ ಆಸೆ.

ಸಂಭ್ರಮದ ದಿನವಾದರೂ ಒಂದು ಕಹಿ ವಿಷಯವನ್ನು ಮುಚ್ಚಿಡಲಾರೆ. ಐರ್ಲೆಂಡಿನಲ್ಲಿ ಚರ್ಚಿನ ಸಭೆಗಳು ನಡೆಸಿದ ವಸತಿ ಶಾಲೆಗಳಲ್ಲಿ ದಶಕಗಳ ಕಾಲ ಮಕ್ಕಳಿಗೆ ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದು 2009ರಲ್ಲಿ ಅಲ್ಲಿನ ತನಿಖಾ ಆಯೋಗ ದೊಡ್ಡ ವರದಿ ಕೊಟ್ಟಿತು. ಗಂಡುಹುಡುಗರ ಶಾಲೆಗಳಲ್ಲಿ ಅದು ತೀರಾ ಕೆಟ್ಟದಾಗಿ ನಡೆದಿತ್ತು. ಕೈಗೆ ಸಿಕ್ಕಿದ ದುರ್ಬಲನ ಮೇಲೆ ಗಂಡಸಿನ ಕೈ ಏನು ಮಾಡಬಲ್ಲದು ಎಂಬುದೂ ಇದೇ ಚರಿತ್ರೆಯ ಭಾಗ. ಅದಕ್ಕೇ ನರ್ಸಿಂಗಿನಲ್ಲಿ ಮೈ ಒರೆಸುವ ಮೊದಲು ಪರದೆ ಎಳೆಯುತ್ತೇವೆ. ಮುಟ್ಟುತ್ತೇನೆ ಎಂದು ಹೇಳಿ, ಒಪ್ಪಿಗೆ ಕೇಳುತ್ತೇವೆ. ಒರೆಸುವ ಭಾಗವನ್ನು ಬಿಟ್ಟು ಉಳಿದ ಮೈ ಮುಚ್ಚಿರುತ್ತೇವೆ. ಪ್ರಜ್ಞೆ ಇಲ್ಲದವರಿಗೂ ಹೇಳಿಯೇ ಮುಟ್ಟುತ್ತೇವೆ. ನಿಮ್ಮ ಮೈಯನ್ನು ನಿಮಗೆ ಇಷ್ಟವಿಲ್ಲದ ಹಾಗೆ ಯಾರಾದರೂ ಮುಟ್ಟಿದ್ದರೆ, ಅವರು ಎಂಥ ದೊಡ್ಡವರೇ ಆಗಿರಲಿ, ಅಪ್ಪ ಅಮ್ಮನಿಗೆ ಹೇಳಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ತಪ್ಪು ನಿಮ್ಮದಲ್ಲ.

ಜೂನಿನಿಂದ ನೀವು ಪಿಯುಸಿಗೆ ಹೋಗುತ್ತೀರಿ, ಕೆಲವರು ಐಟಿಐಗೆ, ಡಿಪ್ಲೊಮಾಕ್ಕೆ. ಹುಡುಗಿಯರ ಜತೆ ಒಂದೇ ಕ್ಲಾಸಿನಲ್ಲಿ ಕೂರುವುದು ಬಹಳ ಜನಕ್ಕೆ ಹೊಸದು. ಅವರನ್ನು ಮಾತಾಡಿಸುವುದು ಹೇಗೆ ಎಂದು ಯೋಚಿಸುತ್ತಿದ್ದೀರಿ, ನನಗೆ ಗೊತ್ತು. ಅವರಲ್ಲಿ ಎಷ್ಟೋ ಜನ ಬೆಳಿಗ್ಗೆ ಅಜ್ಜಿಗೆ ಸ್ನಾನ ಮಾಡಿಸಿ, ತಮ್ಮನಿಗೆ ತಿಂಡಿ ಕೊಟ್ಟು ಕಾಲೇಜಿಗೆ ಬಂದಿರುತ್ತಾರೆ. ಆ ತಮ್ಮ ನೀವೇ ಆಗಿದ್ದರೆ, ಈ ರಜೆಯಲ್ಲಿ ಅಜ್ಜಿಯ ಕೆಲಸ ನಿಮ್ಮ ಪಾಲಿಗೆ ತೆಗೆದುಕೊಳ್ಳಿ.

ನರ್ಸಿಂಗ್ ಓದಬೇಕೆನ್ನುವವರು ಇದ್ದರೆ ಕೇಳಿ: ಪಿಯುಸಿಯಲ್ಲಿ ಬಯಾಲಜಿ ಇದ್ದರೆ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್ಎಂ ಮೂರು ವರ್ಷ. ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ ಶೇ. 80 ಮಹಿಳೆಯರಿಗೆ ಮೀಸಲು, ಗಂಡಸರಿಗೆ ಉಳಿಯುವುದು ಶೇ. 20. ಸ್ಪರ್ಧೆ ಬಿಗಿ, ಆದರೆ ಮುಚ್ಚಿದ ಬಾಗಿಲಲ್ಲ. ಅಪ್ಪ ಅಮ್ಮಂದಿರೇ, ಮಗ ಬಂದು ಹೀಗೆ ಕೇಳಿದರೆ ಡಾಕ್ಟರ್ ಯಾಕಾಗಬಾರದು ಎಂದು ಬಾಯಿ ಮುಚ್ಚಿಸಬೇಡಿ. ಅವನನ್ನು ನನ್ನ ಹತ್ತಿರ ಕಳಿಸಿ, ಒಂದು ದಿನ ವಾರ್ಡಿನಲ್ಲಿ ನಿಂತು ನೋಡಲಿ.

ಈಗ ಮಾತು ಸಾಕು. ಫಾದರ್ ಹತ್ತಿರ ಮೊದಲೇ ಕೇಳಿ, ವೇದಿಕೆಯ ಮೇಲೆ ಎರಡು ಬೆಂಚು ಜೋಡಿಸಿ ಹಾಸಿಗೆ ಹಾಕಿಸಿದ್ದೇನೆ. ಒಬ್ಬರು ರೋಗಿಯಾಗಿ ಮಲಗಲು ಬನ್ನಿ, ಸ್ವಲ್ಪ ದಪ್ಪ ಇದ್ದವರೇ ಬಂದರೆ ಒಳ್ಳೆಯದು. ಎತ್ತಲು ಇನ್ನಿಬ್ಬರು. ಬಂದಿರಾ? ವಾಚ್, ಉಂಗುರ ತೆಗೆದಿಡಿ, ಶರ್ಟಿನ ತೋಳು ಮೇಲೆ ಮಡಚಿ. ಮೊದಲು ಅವನನ್ನು ಕೇಳಿ, ಮಗ್ಗುಲು ಬದಲಿಸಲಾ ಅಂತ. ಅವನು ಹೂಂ ಅನ್ನಲಿ. ನೀನು ಈ ಕಡೆ ನಿಲ್ಲು, ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ. ಆ ಕಡೆಯ ಮೊಣಕಾಲು ಮಡಚಿಸು. ಒಂದು ಕೈ ಭುಜದ ಮೇಲೆ, ಒಂದು ಕೈ ಸೊಂಟದ ಮೇಲೆ. ಈಗ ನಿನ್ನ ಕಡೆಗೆ, ನಿಧಾನವಾಗಿ.